ಗೇಮ್ ಲೂಪ್ ಕಟ್ಟಿ, ಅದನ್ನೇ ಹತ್ತು ವಾದಕರ ಮೇಳಕ್ಕೆ ಇಳಿಸುವ ಕೆಲಸದ ದಾಖಲೆ

ಇಲ್ಲಿ ಕಟ್ಟಬೇಕಾದದ್ದು ಎರಡು. ಒಂದು, ವಿಡಿಯೋ ಗೇಮ್‌ನ ಒಂದು ಪ್ರದೇಶಕ್ಕೆ ಪದರ ಪದರವಾದ ಲೂಪ್, ಅಂದರೆ ಕೊನೆ ಮುಟ್ಟಿದೊಡನೆ ಮೊದಲಿನಿಂದ ಮತ್ತೆ ನುಡಿಯುತ್ತಾ ಹೋಗುವ ಸಂಗೀತ. ಆಟಗಾರ ಸುಮ್ಮನೆ ಅಲೆಯುತ್ತಿದ್ದರೆ ಅದು ತೆಳುವಾಗಿ, ಶತ್ರು ಹತ್ತಿರವಿದ್ದರೆ ಬಿಗಿಯಾಗಿ, ಕಾಳಗ ಶುರುವಾದರೆ ತುಂಬಿಕೊಂಡು ನುಡಿಯಬೇಕು. ಇನ್ನೊಂದು, ಅದೇ ಸಾಮಗ್ರಿಯಿಂದ ಹತ್ತು ಮಂದಿ ವೇದಿಕೆಯ ಮೇಲೆ ನುಡಿಸುವ ನಾಲ್ಕೂವರೆ ನಿಮಿಷದ ಕೃತಿ. ಲೂಪ್‌ಗೆ ಮುಕ್ತಾಯ ಇರಕೂಡದು. ವೇದಿಕೆಯ ಕೃತಿಗೆ ಮುಕ್ತಾಯ ಇಲ್ಲದೆ ನಡೆಯದು. ಗೇಮ್ ಕೆಲಸ ಮುಗಿಯಲಿ, ಮೇಳದ ವಿಚಾರ ಆಮೇಲೆ ನೋಡೋಣ ಎಂದುಕೊಂಡರೆ ಅರ್ಧಕ್ಕರ್ಧ ಮತ್ತೆ ಬರೆಯಬೇಕಾಗುತ್ತದೆ. ಅದಕ್ಕೇ ವಾದ್ಯಗಳ ಆಯ್ಕೆ ಮತ್ತು ಸ್ಥಾಯಿಯ ಹಂಚಿಕೆಯನ್ನು ಮೊದಲೇ ಎರಡಕ್ಕೂ ಒಗ್ಗುವಂತೆ ನಿಗದಿ ಮಾಡಿಕೊಂಡಿದ್ದು.

ಅಳತೆಗಳು ಹೀಗಿವೆ: ಟೆಂಪೋ 96 (ನಿಮಿಷಕ್ಕೆ 96 ಬೀಟ್), ನಾಲ್ಕು ಬೀಟ್‌ನ ಬಾರ್, ಲೂಪ್‌ನ ಉದ್ದ 32 ಬಾರ್, ಡಿ ಡೋರಿಯನ್ (ಕರ್ನಾಟಕ ಸಂಗೀತ ಬಲ್ಲವರಿಗೆ ಖರಹರಪ್ರಿಯದ ಸ್ವರಸ್ಥಾನಗಳೇ). ಪದರಗಳು ನಾಲ್ಕು, ಕಡತಗಳಿಗೂ ಇದೇ ಹೆಸರು. ‘ಹಾಸು’ ಅಂದರೆ ಪಿಯಾನೋ, ಚೆಲ್ಲೊ, ಡಬಲ್ ಬಾಸ್, ಅವುಗಳ ಕೆಳಗೆ ತೆಳ್ಳಗೆ ಒಂದು ಸಿಂಥ್ ಪ್ಯಾಡ್ (ಸಿಂಥಸೈಜರ್‌ನ ಎಳೆದ ಧ್ವನಿ). ‘ಓಟ’ ಅಂದರೆ ಬೀಟ್‌ಗೆ ನಾಲ್ಕು ಸ್ವರದಂತೆ ಓಡುವ ವಯಲಿನ್, ವಯೋಲಾ. ‘ಹಾಡು’ ಪದರದಲ್ಲಿ ಫ್ಲೂಟ್, ಕ್ಲಾರಿನೆಟ್, ಹಾರ್ನ್. ‘ಬಡಿತ’ದಲ್ಲಿ ಡ್ರಮ್ಮು, ಸಿಂಬಲ್.

ಟೆಂಪೋ ಲೆಕ್ಕ

48,000 ಹರ್ಟ್ಜ್ ಸ್ಯಾಂಪಲ್ ರೇಟ್‌ನಲ್ಲಿ (ಸೆಕೆಂಡಿಗೆ ಧ್ವನಿಯ 48,000 ಅಳತೆ, ಒಂದೊಂದೂ ಒಂದು ಸ್ಯಾಂಪಲ್) ಟೆಂಪೋ 96 ಇಟ್ಟರೆ ಒಂದು ಬೀಟ್ 0.625 ಸೆಕೆಂಡ್, ಸರಿಯಾಗಿ 30,000 ಸ್ಯಾಂಪಲ್. ಬಾರ್‌ಗೆ 2.5 ಸೆಕೆಂಡ್, 1,20,000 ಸ್ಯಾಂಪಲ್. 32 ಬಾರ್‌ಗೆ 80 ಸೆಕೆಂಡ್, 38,40,000 ಸ್ಯಾಂಪಲ್. ಎಲ್ಲೂ ಚಿಲ್ಲರೆ ಉಳಿಯುವುದಿಲ್ಲ. 110 ಇಟ್ಟರೆ ಒಂದು ಬೀಟ್‌ಗೆ 26,181.818 ಬಂದು, 32 ಬಾರ್‌ ಮುಗಿದರೂ ಭಿನ್ನಾಂಕ ಕರಗುವುದಿಲ್ಲ. ಒಂದು ಸ್ಯಾಂಪಲ್‌ನ ಏರುಪೇರು ಕಿವಿಗೆ ತಟ್ಟುವುದಿಲ್ಲ, ನಿಜ. ಆದರೆ ಕಡತದ ಉದ್ದ ಸರಿಯಿದೆಯೇ ಎಂದು ಸಂಖ್ಯೆ ನೋಡಿಯೇ ಹೇಳುವ ಸೌಕರ್ಯ ಹೋಗಿಬಿಡುತ್ತದೆ. ಹತ್ತಾರು ಕಡತ ಎಕ್ಸ್‌ಪೋರ್ಟ್ ಮಾಡುವ ಕೆಲಸದಲ್ಲಿ ಅದು ದೊಡ್ಡ ನಷ್ಟ. 48,000ಕ್ಕೆ 75, 80, 90, 96, 100, 120, 125, 128 ಎಲ್ಲವೂ ಪೂರ್ಣಾಂಕ ಕೊಡುವ ಟೆಂಪೋಗಳು. 44,100ರಲ್ಲಿ ಇದೇ 96ಕ್ಕೆ ಬೀಟ್ 27,562.5 ಆಗುತ್ತದೆ, ಬಾರ್ ಮಾತ್ರ 1,10,250 ಎಂದು ಸರಿಹೋಗುತ್ತದೆ.

ಬರವಣಿಗೆ

ಪದರದ ಲೂಪ್‌ನಲ್ಲಿ ಯಾವ ಪದರ ಯಾವ ಬಾರ್‌ನಲ್ಲಿ ಬಂದು ಸೇರುತ್ತದೆ ಎಂಬುದು ಬರೆಯುವವರ ಕೈಯಲ್ಲಿಲ್ಲ. ಹಾಗಾಗಿ ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗುಚ್ಛದ) ಗುರುತು, ಅಂದರೆ ಬೇಸ್ (ಅತಿ ಕೆಳಗಿನ ಸ್ವರ) ಮತ್ತು ಮೂರನೇ ಸ್ವರ, ಯಾವಾಗಲೂ ನುಡಿಯುತ್ತಿರುವ ಹಾಸಿನಲ್ಲೇ ಇರಬೇಕು. ಮೂರನೇ ಸ್ವರವನ್ನು ಹಾಡಿನ ಪದರಕ್ಕೆ ಬಿಟ್ಟರೆ, ಅದು ಮೌನವಾಗಿದ್ದಾಗ ಇಡೀ ಹಾಸು ಬೋಳಾಗಿ ಕೇಳಿಸುತ್ತದೆ. ಸ್ಥಾಯಿಯ ಹಂಚಿಕೆ (ಅಕ್ಷರ ಸ್ವರದ ಹೆಸರು, ಅಂಕಿ ಅಷ್ಟಕದ್ದು): ಹಾಸು ಡಿ2ರಿಂದ ಎ3, ಓಟ ಡಿ4ರಿಂದ ಎ4, ಹಾಡು ಎ4ರಿಂದ ಡಿ6. ಸಂಭಾಷಣೆ ಇರುವ ಗೇಮ್‌ನಲ್ಲಿ 1ರಿಂದ 4 ಕಿಲೋಹರ್ಟ್ಜ್ ನಡುವಿನ ಜಾಗ ಮಾತಿಗೆ ಬೇಕು. ಅಲ್ಲಿಗೆ ನುಗ್ಗುವುದು ಓಟದ ಪದರದ ಬಿಲ್ಲಿನ ಕರಕರ. ಇಕ್ವಲೈಜರ್‌ನಲ್ಲಿ ಕತ್ತರಿಸುವುದಕ್ಕಿಂತ, ಬಿಲ್ಲನ್ನು ಬ್ರಿಡ್ಜ್‌ನಿಂದ ದೂರ ಇಟ್ಟು ನುಡಿಸಿದ ಸ್ಯಾಂಪಲ್ (ಇಲ್ಲಿ, ವಾದ್ಯದ ಮುದ್ರಿತ ಸ್ವರ) ಆರಿಸಿಕೊಂಡರೆ ಫಲ ಚೆನ್ನಾಗಿರುತ್ತದೆ.

ಕಾರ್ಡ್‌ಗಳ ಸಾಲು 8 ಬಾರ್‌ನದು: ಡಿ ಮೈನರ್ ಎರಡು ಬಾರ್, ಬೇಸ್‌ನಲ್ಲಿ ಬಿ ಇರುವ ಜಿ ಮೇಜರ್ ಎರಡು ಬಾರ್, ಆಮೇಲೆ ಎ ಮೈನರ್, ಸಿ, ಜಿ, ಸಿ ಒಂದೊಂದು. ಕೊನೆಯ ಸಿ ಮತ್ತೆ ಡಿ ಮೈನರ್‌ಗೆ ಮೆಲ್ಲಗೆ ಜಾರುತ್ತದೆ, ಮುಗಿಯಿತು ಎಂಬ ಭಾವ ಹುಟ್ಟಿಸುವುದಿಲ್ಲ. ಈ ಜಾಗದಲ್ಲಿ ಎ ಮೇಜರ್ ಇಟ್ಟರೆ ಪ್ರತಿ ಸುತ್ತೂ ತೀರ್ಪು ಹೇಳಿದಂತೆ ಕೇಳಿಸುತ್ತದೆ. ಆಟಗಾರ ಒಂದೇ ಜಾಗದಲ್ಲಿ ಹತ್ತು ನಿಮಿಷ ಕಳೆದರೆ ಏಳೂವರೆ ಸುತ್ತು ಆಗುತ್ತದೆ. ಏಳು ಸಲ ತೀರ್ಪು ಕೇಳುವ ತಾಳ್ಮೆ ಯಾರಿಗೂ ಇಲ್ಲ. ಇದೇ ಕಾರಣಕ್ಕೆ ಮೊದಲ ಬಾರ್‌ನ ಮೊದಲ ಬೀಟ್ ಮೇಲೆ ಸಿಂಬಲ್ ಹೊಡೆತವೂ ಇಲ್ಲ.

ಬೇಸರ ತಡೆಯಲು ಇನ್ನೊಂದು ಉಪಾಯ: ಹಾಸು, ಓಟ, ಬಡಿತ 32 ಬಾರ್ ಇರಲಿ, ಹಾಡಿನ ಪದರ ಮಾತ್ರ 24 ಬಾರ್. ಎರಡೂ 8ರ ಗುಣಕಗಳಾದ್ದರಿಂದ ಕಾರ್ಡ್ ತಪ್ಪುವುದಿಲ್ಲ. 32 ಮತ್ತು 24ರ ಲಸಾಅ 96, ಅಂದರೆ ಅದೇ ಜೋಡಣೆ ಮರುಕಳಿಸುವುದು 96 ಬಾರ್‌ಗೆ, ನಾಲ್ಕು ನಿಮಿಷಕ್ಕೆ ಒಮ್ಮೆ. 80 ಸೆಕೆಂಡ್‌ನ ಸಾಮಗ್ರಿ 240 ಸೆಕೆಂಡ್ ತಾಳುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: 8 ಬಾರ್‌ನ ಸಾಲು ಎಲ್ಲೂ ಬದಲಾಗುವ ಹಾಗಿಲ್ಲ, ಮೂರನೇ ಸುತ್ತಿನಲ್ಲಿ ಹೊಸ ಕಾರ್ಡ್ ತರುವ ಆಸೆ ಬಿಡಬೇಕು. ಹಾಡಿನ 24 ಬಾರ್‌ನಲ್ಲೂ ಮೆಲೊಡಿ ಇರುವುದು 12ರಲ್ಲಿ ಮಾತ್ರ, ಉಳಿದದ್ದು ಖಾಲಿ.

ಬೆಸುಗೆ ಕೆಡುವ ಜಾಗಗಳು

ಲೂಪ್‌ನ ಕೊನೆ ಮೊದಲಿಗೆ ಕೂಡುವ ಬೆಸುಗೆಯಲ್ಲಿ ಕೇಳಿಸುವ ಬಹುತೇಕ ದೋಷಗಳಿಗೆ ಕಾರಣ ಪ್ರಾಜೆಕ್ಟ್‌ನ ಒಳಗಿನ ಸಣ್ಣ ಸೆಟ್ಟಿಂಗ್‌ಗಳು.

ಮೊದಲನೆಯದು ರಿವರ್ಬ್‌ನ (ಅನುರಣನದ) ಬಾಲ. 32 ಬಾರ್‌ಗೆ ಸರಿಯಾಗಿ ಕತ್ತರಿಸಿದರೆ ಬಾಲ ತುಂಡಾಗುತ್ತದೆ. ಬಾಲ ಸೇರಿಸಿ ರೆಂಡರ್ ಮಾಡಿದರೆ (ಆಡಿಯೋ ಕಡತವಾಗಿ ಹೊರತೆಗೆದರೆ) ಕಡತ ಉದ್ದವಾಗುತ್ತದೆ. ಪರಿಹಾರ: ಅದೇ 32 ಬಾರ್ ಅನ್ನು ಬೆನ್ನುಬೆನ್ನಿಗೆ ಎರಡು ಸಲ ಇಟ್ಟು 64 ಬಾರ್ ರೆಂಡರ್ ಮಾಡಿ, ಎರಡನೇ ಅರ್ಧವನ್ನಷ್ಟೇ ಉಳಿಸಿಕೊಳ್ಳುವುದು. ಮೊದಲ ಸುತ್ತಿನ ಬಾಲ ಎರಡನೇ ಸುತ್ತಿನ ತಲೆಯಲ್ಲಿ ಬಂದು ಕೂತಿರುತ್ತದೆ. ರೀಪರ್ ಎಂಬ ಧ್ವನಿಮುದ್ರಣ ಸಾಫ್ಟ್‌ವೇರ್‌ನಲ್ಲಿ ಇದಕ್ಕೆಂದೇ ರೆಂಡರ್ ಕಿಟಕಿಯಲ್ಲಿ ಎರಡನೇ ಸುತ್ತಿನ ಆಯ್ಕೆ ಇದೆ. ಬೇರೆ ಸಾಫ್ಟ್‌ವೇರ್‌ನಲ್ಲಿ ಕೈಯಿಂದ ಮಾಡಬೇಕು. ಹೀಗೆ ಮಾಡಿದಾಗ ಸಂಗೀತ ಮೊಟ್ಟಮೊದಲು ಶುರುವಾಗುವ ಕ್ಷಣದಲ್ಲಿ ಎಲ್ಲಿಂದಲೋ ಬಂದ ಬಾಲ ಕೇಳಿಸುತ್ತದೆ. ಮುಂದೆ ಎರಡು ಬಾರ್‌ನ ಪ್ರವೇಶ ತುಣುಕು ಇಟ್ಟರೆ ಅದು ಮುಚ್ಚಿಹೋಗುತ್ತದೆ.

ಎರಡನೆಯದು ಸ್ಯಾಂಪಲ್ ಲೈಬ್ರರಿಯ ತಡ. ಲೆಗಾಟೊ (ಸ್ವರಗಳನ್ನು ಬಿಡದೆ ಜೋಡಿಸಿ ನುಡಿಸಿದ) ತಂತಿವಾದ್ಯದ ಸ್ವರ ಪೂರ್ತಿ ಅರಳಲು ನೂರು ಮಿಲಿಸೆಕೆಂಡ್ ಆಸುಪಾಸು ತೆಗೆದುಕೊಳ್ಳುವುದು ಸಾಮಾನ್ಯ, ಅದಕ್ಕೆ ಟ್ರ್ಯಾಕ್ ಅನ್ನು ಅಷ್ಟು ಹಿಂದಕ್ಕೆ ಎಳೆದಿರುತ್ತೇವೆ. ಆಗ ಮೊದಲ ಸ್ವರ ಮೊದಲ ಬಾರ್‌ಗಿಂತ ಮುಂಚೆಯೇ ಶುರುವಾಗುತ್ತದೆ. ಬಾರ್ ಗೆರೆಯ ಮೇಲೆ ಕತ್ತರಿಸಿದರೆ ಅದರ ತಲೆ ಹಾರಿಹೋಗುತ್ತದೆ. ಇದಕ್ಕೆ ಎರಡೇ ಸುತ್ತು ಸಾಲದು: ಮೂರು ಸುತ್ತು ಇಟ್ಟು ನಡುವಿನದನ್ನು ತೆಗೆಯಬೇಕು. ಮೂರನೇ ಸುತ್ತಿನ ಮೊದಲ ಸ್ವರದ ತಲೆ ಎರಡನೇ ಸುತ್ತಿನ ಕೊನೆಯಲ್ಲಿ ಸಿಗುತ್ತದೆ. ಎಲ್ಲ ಪದರಕ್ಕೂ ಇದೇ ನಿಯಮ ಹಾಕಿಕೊಂಡರೆ ಯಾವುದಕ್ಕೆ ಎಷ್ಟು ಸುತ್ತು ಎಂಬ ಗೊಂದಲವೇ ಇರುವುದಿಲ್ಲ.

ಮೂರನೆಯದನ್ನು ಹಿಡಿಯುವುದು ಕಷ್ಟ. ಸಿಂಥ್ ಪ್ಯಾಡ್‌ನ ಫಿಲ್ಟರನ್ನು ಏರಿಳಿಸುವ ಎಲ್‌ಎಫ್‌ಒ (ನಿಧಾನವಾಗಿ ತೂಗುವ ನಿಯಂತ್ರಕ ತರಂಗ) ತನ್ನ ಪಾಡಿಗೆ ತಿರುಗುತ್ತಿದ್ದರೆ, 80ನೇ ಸೆಕೆಂಡ್‌ನಲ್ಲಿ ಅದು ಎಲ್ಲಿದೆಯೋ ಅಲ್ಲಿಂದ ಶೂನ್ಯಕ್ಕೆ ಜಿಗಿಯುತ್ತದೆ. ಟಿಕ್ ಎಂಬ ಸದ್ದು ಬರುವುದಿಲ್ಲ, ಬಣ್ಣ ಮಾತ್ರ ತಟ್ಟನೆ ಬದಲಾಗುತ್ತದೆ. ಹಾಗಾಗಿ ಬೆಸುಗೆಯಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಎಲ್‌ಎಫ್‌ಒ ಸುತ್ತನ್ನು 8 ಬಾರ್‌ಗೆ, ಅಂದರೆ 20 ಸೆಕೆಂಡ್‌ಗೆ (0.05 ಹರ್ಟ್ಜ್) ಕಟ್ಟಿ, ಟ್ರಾನ್ಸ್‌ಪೋರ್ಟ್ (ಪ್ರಾಜೆಕ್ಟ್ ಓಡುವ ಕಾಲ) ಜೊತೆ ಸಿಂಕ್ ಮಾಡಬೇಕು. ಕೋರಸ್, ಫೇಸರ್‌ಗಳಿಗೂ ಇದೇ ಮಾತು.

ಇನ್ನುಳಿದದ್ದು: ಎಳೆದ ಸ್ವರ ಯಾವುದೂ ಬೆಸುಗೆ ದಾಟಕೂಡದು, ಏಕೆಂದರೆ ಸ್ಯಾಂಪಲ್‌ನೊಳಗಿನ ವೈಬ್ರಾಟೊ ಎರಡೂ ತುದಿಯಲ್ಲಿ ಒಂದೇ ಸ್ಥಿತಿಯಲ್ಲಿರುವುದಿಲ್ಲ. 32ನೇ ಬಾರ್‌ನ ಕೊನೇ ಬೀಟ್‌ನಲ್ಲಿ ಉಸಿರಿನ ಬಿಡುವು ಇಟ್ಟರೆ ಸಾಕು. ಮುಂದೆ ನಿಜವಾದ ವಾದಕರಿಗೂ ಅದೇ ಬೇಕಾಗುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಕತ್ತರಿಸಿದ ಆಡಿಯೋ ತುಣುಕಿನ ಎರಡೂ ಅಂಚಿಗೆ ತಾವಾಗಿಯೇ ಕೆಲವು ಮಿಲಿಸೆಕೆಂಡ್‌ನ ಫೇಡ್ ಹಾಕುತ್ತವೆ. ಅದನ್ನು ಆಫ್ ಮಾಡದಿದ್ದರೆ ಪ್ರತಿ ಸುತ್ತಿಗೂ ಧ್ವನಿ ಒಮ್ಮೆ ಕಣ್ಣು ಮಿಟುಕಿಸಿದಂತಾಗುತ್ತದೆ.

ಎಕ್ಸ್‌ಪೋರ್ಟ್

ಮಾಸ್ಟರ್ (ಎಲ್ಲ ಧ್ವನಿ ಕೂಡುವ ಕೊನೆಯ ಚಾನೆಲ್) ಮೇಲೆ ಲಿಮಿಟರ್ (ಮಟ್ಟ ಮಿತಿ ಮೀರದಂತೆ ಒತ್ತುವ ಸಾಧನ) ಇಟ್ಟುಕೊಂಡು ಪದರಗಳನ್ನು ಒಂದೊಂದಾಗಿ ಹೊರತೆಗೆಯಬೇಡಿ. ಪೂರ್ತಿ ಮಿಕ್ಸ್‌ನಲ್ಲಿ ಲಿಮಿಟರ್ ಬಡಿತದ ಹೊಡೆತಕ್ಕೆ ಹಾಸನ್ನೂ ಒತ್ತುತ್ತಿರುತ್ತದೆ. ಹಾಸನ್ನೇ ಒಂಟಿಯಾಗಿ ತೆಗೆದಾಗ ಲಿಮಿಟರ್ ಸುಮ್ಮನಿರುತ್ತದೆ. ಗೇಮ್‌ನಲ್ಲಿ ಎಲ್ಲ ಕೂಡಿದಾಗ ನೀವು ಸ್ಟುಡಿಯೋದಲ್ಲಿ ಕೇಳಿದ ಮಿಕ್ಸ್ ಬರುವುದೇ ಇಲ್ಲ. ಹಂಚಿಕೊಂಡ ರಿವರ್ಬ್ ಪರವಾಗಿಲ್ಲ, ಅದು ಕೂಡಿಸಿದರೂ ಬಿಡಿಸಿದರೂ ಅಷ್ಟೇ. ರಿವರ್ಬ್ ಹಿಂದೆ ಕಂಪ್ರೆಸರ್ (ಜೋರಾದ ಧ್ವನಿಯನ್ನು ತಗ್ಗಿಸುವ ಸಾಧನ) ಇದ್ದರೆ ಮಾತ್ರ ಕೆಡುತ್ತದೆ.

ಪರೀಕ್ಷೆ ಸುಲಭ. ನಾಲ್ಕೂ ಪದರಗಳನ್ನು ಹೊಸ ಪ್ರಾಜೆಕ್ಟ್‌ನಲ್ಲಿ ಜೋಡಿಸಿ, ಪೂರ್ತಿ ಮಿಕ್ಸನ್ನು ಫೇಸ್ ತಿರುಗಿಸಿ (ತರಂಗವನ್ನು ತಲೆಕೆಳಗು ಮಾಡಿ) ಪಕ್ಕದಲ್ಲಿಡಿ. ಎಲ್ಲ ಸರಿಯಿದ್ದರೆ ಬಹುತೇಕ ನಿಶ್ಶಬ್ದ. ಸ್ಯಾಂಪ್ಲರ್ ಪ್ರತಿ ಸಲ ಬೇರೆ ಬೇರೆ ಹೊಡೆತವನ್ನು ಯಾದೃಚ್ಛಿಕವಾಗಿ ಆರಿಸುತ್ತಿದ್ದರೆ ಸದ್ದು ಉಳಿಯುತ್ತದೆ. ಮೊದಲೇ ಆ ಟ್ರ್ಯಾಕ್‌ಗಳನ್ನು ಆಡಿಯೋ ಆಗಿ ಗಟ್ಟಿಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಮಟ್ಟದ ವಿಚಾರ: ಪರಸ್ಪರ ಸಂಬಂಧವಿಲ್ಲದ, ಸಮಾನ ಮಟ್ಟದ ಎರಡು ಪದರ ಕೂಡಿದರೆ 3 ಡಿಬಿ ಏರುತ್ತದೆ, ನಾಲ್ಕು ಕೂಡಿದರೆ 6. ಒಂದೇ ಧ್ವನಿಯ ಎರಡು ಪ್ರತಿ ಕೂಡಿದರೆ ಒಮ್ಮೆಲೇ 6. ಆದ್ದರಿಂದ ನಾಲ್ಕೂ ಕೂಡಿದಾಗ ತುದಿ ಮೈನಸ್ 6 ಡಿಬಿ ದಾಟದಂತೆ ಇಟ್ಟುಕೊಂಡಿದ್ದು. ಕನ್ಸೋಲ್ ಗೇಮ್‌ಗಳಿಗೆ ಸೋನಿಯ ಆಡಿಯೋ ಮಾನದಂಡ ಹೇಳುವುದು ಇಡೀ ಗೇಮ್‌ಗೆ ಮೈನಸ್ 24 ಎಲ್‌ಯುಎಫ್‌ಎಸ್ (ಕೇಳುವ ಗಟ್ಟಿತನದ ಅಳತೆ), 2ರಷ್ಟು ಆಚೀಚೆ, ಟ್ರೂ ಪೀಕ್ (ಧ್ವನಿತರಂಗದ ನಿಜವಾದ ತುದಿ) ಮೈನಸ್ 1. ಅದು ಸಂಗೀತ, ಮಾತು, ಸದ್ದು ಎಲ್ಲ ಸೇರಿದ ಲೆಕ್ಕ. ಸಂಗೀತವೊಂದನ್ನೇ ಆ ಮಟ್ಟಕ್ಕೆ ಏರಿಸಿ ಕೊಟ್ಟರೆ ಮಿಕ್ಸ್ ಮಾಡುವವರು ಅದನ್ನು ಇಳಿಸಿಯೇ ಇಳಿಸುತ್ತಾರೆ.

ಕಡತದ ನಮೂನೆ: ಮೂಲ ಪ್ರತಿ 24 ಬಿಟ್ ವೇವ್. ಸ್ಟೀರಿಯೊಗೆ ಸೆಕೆಂಡಿಗೆ 2,88,000 ಬೈಟ್, 80 ಸೆಕೆಂಡ್‌ಗೆ 23.04 ಎಂಬಿ. ಗೇಮ್‌ನೊಳಗೆ ಹೋಗುವುದು ಆಗ್ ವೋರ್ಬಿಸ್ ಎಂಬ ಕುಗ್ಗಿಸಿದ ಆಡಿಯೋ ನಮೂನೆ. 160 ಕೆಬಿಪಿಎಸ್ ಸರಾಸರಿಯಲ್ಲಿ 1.6 ಎಂಬಿ. ಎಂಪಿ3 ಬೇಡವೇ ಬೇಡ. ಎಂಪಿ3 ಧ್ವನಿಯನ್ನು 1,152 ಸ್ಯಾಂಪಲ್‌ಗಳ ಚೌಕಟ್ಟಿನಲ್ಲಿ ತುಂಬುತ್ತದೆ. 38,40,000 ಅನ್ನು 1,152ರಿಂದ ಭಾಗಿಸಿದರೆ 384 ಉಳಿಯುತ್ತದೆ, ಕೊನೆಯ ಚೌಕಟ್ಟಿನಲ್ಲಿ ಮೌನ ತುಂಬಲೇಬೇಕು. ಅದರ ಮೇಲೆ ಲೇಮ್ ಎಂಬ ಎಂಪಿ3 ಎನ್‌ಕೋಡರ್ ಮುಂದುಗಡೆ 576 ಸ್ಯಾಂಪಲ್ ತಡ ಸೇರಿಸುತ್ತದೆ, ಡಿಕೋಡರ್ ಇನ್ನೊಂದು 529. ಒಟ್ಟು 1,105 ಸ್ಯಾಂಪಲ್, ಸುಮಾರು 23 ಮಿಲಿಸೆಕೆಂಡ್. ಬೀಟ್‌ಗೆ ನಾಲ್ಕು ಸ್ವರ ಓಡುತ್ತಿರುವಾಗ ಅಷ್ಟು ಸಾಕು, ಪ್ರತಿ ಸುತ್ತಿನಲ್ಲೂ ಕಾಲು ಎಡವಿದಂತೆ ಕೇಳಿಸುತ್ತದೆ. ಟ್ಯಾಗ್ ಓದಿ ಇದನ್ನು ಕಳೆಯುವ ಪ್ಲೇಯರ್‌ಗಳಿವೆ. ಆದರೆ ಗೇಮ್ ಎಂಜಿನ್ ಅದನ್ನು ಮಾಡುತ್ತದೆಂದು ನಂಬಿ ಕೂರಬಾರದು.

ಎಂಜಿನ್‌ನೊಳಗೆ

ಆಟದ ನಡೆಗೆ ತಕ್ಕಂತೆ ಸಂಗೀತ ಬದಲಿಸುವ ವಿದ್ಯೆ ಹೊಸದಲ್ಲ. ಲ್ಯೂಕಸ್‌ಆರ್ಟ್ಸ್‌ನ ಮೈಕೆಲ್ ಲ್ಯಾಂಡ್, ಪೀಟರ್ ಮೆಕಾನಲ್ 1990ರ ದಶಕದ ಆರಂಭದಲ್ಲೇ ಐಮ್ಯೂಸ್ ಎಂಬ ವ್ಯವಸ್ಥೆ ಕಟ್ಟಿದ್ದರು. ಇವತ್ತು ಗೇಮ್ ಆಡಿಯೋ ಸಾಫ್ಟ್‌ವೇರ್‌ಗಳಾದ ಎಫ್‌ಮಾಡ್, ವೈಸ್ ಇವೆರಡು ಹೆಚ್ಚು ಬಳಕೆಯಲ್ಲಿವೆ. ಗೊಡೊ ಎಂಬ ಗೇಮ್ ಎಂಜಿನ್‌ನ 4.3ನೇ ಆವೃತ್ತಿಯಿಂದ ಎಂಜಿನ್‌ನಲ್ಲೇ ಪದರಗಳನ್ನು ಸಿಂಕ್ ಮಾಡುವ ಸೌಲಭ್ಯ ಬಂದಿದೆ. ಇನ್ನೊಂದು ಎಂಜಿನ್ ಯೂನಿಟಿಯಲ್ಲಿ ಬೇರೇನೂ ಇಲ್ಲದೆ ಮಾಡುವುದಾದರೆ ಸಾಮಾನ್ಯ ಪ್ಲೇ ಆಜ್ಞೆ ಬಳಸದೆ, ಆಡಿಯೋ ಗಡಿಯಾರಕ್ಕೆ ಕಟ್ಟಿದ ‘ಪ್ಲೇಶೆಡ್ಯೂಲ್ಡ್’ ಬಳಸಬೇಕು. ಫ್ರೇಮ್ ಗಡಿಯಾರ (ಪರದೆಯ ಚಿತ್ರ ಬದಲಾಗುವ ಲೆಕ್ಕ) ನಂಬಿದರೆ ಪದರಗಳು ಒಂದಕ್ಕೊಂದು ಹತ್ತಾರು ಮಿಲಿಸೆಕೆಂಡ್ ಹಿಂದೆ ಮುಂದೆ ಶುರುವಾಗುತ್ತವೆ.

ನಾಲ್ಕೂ ಪದರ ಒಟ್ಟಿಗೇ ಶುರುವಾಗಿ, ಬೇಡದವು ಶೂನ್ಯ ಮಟ್ಟದಲ್ಲಿ ಓಡುತ್ತಿರಬೇಕು. ಇಲ್ಲೊಂದು ಗುಂಡಿ ಇದೆ: ಕೇಳಿಸದ ಧ್ವನಿಗಳನ್ನು ಎಂಜಿನ್ ಉಳಿತಾಯಕ್ಕಾಗಿ ತಾನೇ ನಿಲ್ಲಿಸುತ್ತದೆ. ಮತ್ತೆ ಎಬ್ಬಿಸುವಾಗ ಮೊದಲಿನಿಂದ ಶುರುಮಾಡುವ ಸೆಟ್ಟಿಂಗ್ ಇದ್ದರೆ ಓಟದ ಪದರ ಹಾಸಿನ 19ನೇ ಬಾರ್ ಮೇಲೆ ತನ್ನ ಮೊದಲ ಬಾರ್ ನುಡಿಸುತ್ತದೆ. ಕಳೆದ ಸಮಯದಿಂದ ಮುಂದುವರಿಸುವ ಆಯ್ಕೆ ಹಾಕಿ, ಅಥವಾ ಮಟ್ಟವನ್ನು ಪೂರ್ತಿ ಶೂನ್ಯಕ್ಕೆ ಇಳಿಸದೆ ಮೈನಸ್ 70 ಡಿಬಿ ಬಳಿ ನಿಲ್ಲಿಸಿ ಪರೀಕ್ಷಿಸಿ.

ಪದರಗಳನ್ನು ಆಳುವುದು 0ಯಿಂದ 1ರವರೆಗಿನ ‘ಅಪಾಯ’ ಎಂಬ ಪ್ಯಾರಾಮೀಟರ್. 0.5 ದಾಟಿದರೆ ಓಟ ಬರಲಿ ಎಂದು ಒಂದೇ ಗೆರೆ ಎಳೆದರೆ, ಶತ್ರು ಆ ಅಂಚಿನಲ್ಲಿ ಓಡಾಡುವಾಗ ಪದರ ಹತ್ತಿ ಆರಿ ಮಾಡುತ್ತದೆ. ಒಳಬರಲು 0.6, ಹೊರಹೋಗಲು 0.4, ಒಮ್ಮೆ ಬಂದರೆ ಕನಿಷ್ಠ 4 ಬಾರ್ (10 ಸೆಕೆಂಡ್) ಇರಲಿ. ಏರುವ ಫೇಡ್ ಒಂದು ಬೀಟ್, ಇಳಿಯುವ ಫೇಡ್ 4 ಬಾರ್. ಒಂದು ಪದರದ ಬದಲು ಇನ್ನೊಂದು ಬರುವಾಗ ಸಮಶಕ್ತಿಯ ಫೇಡ್ ಹಾಕಬೇಕು. ಸರಳರೇಖೆಯ ಫೇಡ್ ಹಾಕಿದರೆ ನಡುವಿನಲ್ಲಿ 3 ಡಿಬಿ ಕುಸಿಯುತ್ತದೆ.

ಕಾಳಗ ಶುರುವಾದ ಕೂಡಲೇ ಸಂಗೀತ ಬದಲಾಗಬೇಕು, ಆದರೆ ಮುಂದಿನ ಬಾರ್‌ಗೆ ಕಾದರೆ 2.5 ಸೆಕೆಂಡ್‌ವರೆಗೂ ತಡವಾಗಬಹುದು. ಆಟಗಾರ ಅಷ್ಟರಲ್ಲಿ ಎರಡು ಏಟು ತಿಂದಿರುತ್ತಾನೆ. ಹಾಗಾಗಿ ಶ್ರುತಿಯಿಲ್ಲದ ಒಂದು ಡ್ರಮ್ ಹೊಡೆತ ಯಾವ ಸಿಂಕ್‌ಗೂ ಕಾಯದೆ ತಕ್ಷಣ ಬೀಳುತ್ತದೆ. ಮುಂದಿನ ಬೀಟ್‌ಗೆ ಡಿ–ಎ ಜೋಡಿಸ್ವರದ ಸ್ಟಿಂಗರ್ (ಘಟನೆಗೆ ತಟ್ಟನೆ ಬೀಳುವ ಚಿಕ್ಕ ತುಣುಕು), ಮುಂದಿನ ಬಾರ್‌ಗೆ ಬಡಿತದ ಪದರ. ಸ್ಟಿಂಗರ್‌ನಲ್ಲಿ ಆ ಎರಡೇ ಸ್ವರ ಇರುವುದಕ್ಕೆ ಕಾರಣ, ಸಾಲಿನ ಯಾವ ಕಾರ್ಡ್ ಮೇಲೆ ಬಿದ್ದರೂ ಅವು ಜಗಳವಾಡುವುದಿಲ್ಲ. ಎ ಮೈನರ್ ಮೇಲೆ ಡಿ ಸ್ವಲ್ಪ ಉಜ್ಜುತ್ತದೆ, ಒಂದು ಬೀಟ್‌ನಷ್ಟು ಉಜ್ಜಿದರೆ ಕಾಳಗಕ್ಕೆ ಒಳ್ಳೆಯದೇ.

ವೇದಿಕೆಗೆ ಇಳಿಸುವುದು

ಹತ್ತು ಮಂದಿ: ಫ್ಲೂಟ್, ಬಿ ಫ್ಲ್ಯಾಟ್ ಕ್ಲಾರಿನೆಟ್, ಎಫ್ ಹಾರ್ನ್, ಒಬ್ಬ ತಾಳವಾದ್ಯದವರು, ಪಿಯಾನೋ, ಎರಡು ವಯಲಿನ್, ವಯೋಲಾ, ಚೆಲ್ಲೊ, ಡಬಲ್ ಬಾಸ್. ಸಿಂಥ್ ಇಲ್ಲ, ಧ್ವನಿಮುದ್ರಿತ ಹಿಮ್ಮೇಳ ಇಲ್ಲ, ಹಾಗಾಗಿ ಕ್ಲಿಕ್ (ಕಿವಿಯಲ್ಲಿ ಬೀಟ್ ತಿಳಿಸುವ ಟಿಕ್ ಸದ್ದು) ಕೂಡ ಬೇಕಿಲ್ಲ.

ಮಿಡಿ ಕಡತವನ್ನು (ಯಾವ ಸ್ವರ, ಯಾವಾಗ, ಎಷ್ಟು ಹೊತ್ತು ಎಂಬ ದಾಖಲೆ) ನೊಟೇಶನ್ (ಸ್ವರಲಿಪಿ) ಸಾಫ್ಟ್‌ವೇರ್‌ಗೆ ಹಾಗೇ ಎಸೆದರೆ ಕಸ ಬರುತ್ತದೆ. ಮೊದಲು ಹಿಂದಕ್ಕೆ ಎಳೆದ ಟ್ರ್ಯಾಕ್‌ಗಳನ್ನು ಶೂನ್ಯಕ್ಕೆ ತರಬೇಕು, ಸ್ವರಗಳ ಆರಂಭವನ್ನೂ ಉದ್ದವನ್ನೂ ಕ್ವಾಂಟೈಜ್ ಮಾಡಬೇಕು (ಬೀಟ್‌ನ ಭಾಗಗಳಿಗೆ ಸರಿಯಾಗಿ ಕೂರಿಸಬೇಕು), ಸ್ಯಾಂಪ್ಲರ್‌ನ ಶೈಲಿ ಬದಲಿಸಲು ಇಟ್ಟ ಕೀಸ್ವಿಚ್ ಸ್ವರಗಳನ್ನು ಅಳಿಸಬೇಕು. ಕೊನೆಯದನ್ನು ಮರೆತರೆ ವಯಲಿನ್ ಭಾಗದಲ್ಲಿ ಸಿ1 ಎಂಬ ಅಸಾಧ್ಯ ಸ್ವರಗಳು ತುಂಬಿರುತ್ತವೆ. ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್, ಡೊರಿಕೊ, ಸಿಬೆಲಿಯಸ್ ಯಾವುದಾದರೂ ನಡೆಯುತ್ತದೆ. ಇದೇ ಬಗೆಯ ಫಿನಾಲೆಯ ಅಭಿವೃದ್ಧಿ 2024ರಲ್ಲಿ ನಿಂತದ್ದರಿಂದ ಹಳೆಯ ಕಡತಗಳಿದ್ದವರು ಮ್ಯೂಸಿಕ್‌ಎಕ್ಸ್‌ಎಂಎಲ್ (ಬೇರೆ ಸಾಫ್ಟ್‌ವೇರ್‌ಗಳೂ ಓದುವ ನಮೂನೆ) ಆಗಿ ಈಗಲೇ ಹೊರತೆಗೆದಿಡುವುದು ಲೇಸು.

ರೂಪ: ಹಾಸು 16 ಬಾರ್, ಹಾಡಿನ ಪ್ರವೇಶ 24, ಸ್ಟಿಂಗರ್‌ನಿಂದ ಬೆಳೆಸಿದ ಸೇತುವೆ 8, ಕಾಳಗ 32, ಇಳಿತ 16, ಮುಕ್ತಾಯ 12. ಒಟ್ಟು 108 ಬಾರ್, 270 ಸೆಕೆಂಡ್. ಗೇಮ್‌ನಲ್ಲಿ ಆಟಗಾರನ ನಡೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬಾರ್ ಎಣಿಕೆ ಮಾಡುತ್ತದೆ. ವೇದಿಕೆಯಲ್ಲಿ ಫೇಡರ್ ಇಲ್ಲ, ಆದ್ದರಿಂದ 4 ಬಾರ್‌ನ ಇಳಿಯುವ ಫೇಡ್ ಅಂದರೆ ವಾದ್ಯಗಳು ಬಾರ್‌ಗೆ ಒಂದರಂತೆ ಹಿಂದೆ ಸರಿಯುವುದು.

ಓಟದ ಪದರಕ್ಕೆ ಹೆಚ್ಚು ಕೆಲಸ ಬಿತ್ತು. ಟೆಂಪೋ 96ರಲ್ಲಿ ಬೀಟ್‌ಗೆ ನಾಲ್ಕು ಎಂದರೆ ಸೆಕೆಂಡಿಗೆ 6.4 ಸ್ವರ. ನುಡಿಸಲು ಕಷ್ಟವಲ್ಲ, ಆದರೆ 80 ಸೆಕೆಂಡ್ ಬಿಡುವಿಲ್ಲದೆ ನುಡಿಸಿದರೆ ಬಿಲ್ಲಿನ ಕೈ ಬಿಗಿಯಾಗಿ ಧ್ವನಿ ಗಡುಸಾಗುತ್ತದೆ. ಎರಡು ವಯಲಿನ್‌ಗಳಿಗೆ ಹಂಚಿದ್ದು ಹೀಗೆ: ಮೊದಲ ಎರಡು ಬೀಟ್ ಒಂದನೇ ವಯಲಿನ್‌ಗೆ, ಕೊನೆಯ ಎರಡು ಎರಡನೇ ವಯಲಿನ್‌ಗೆ. ಬೀಟ್ ಗೆರೆಯ ಮೇಲೆ ಸರಿಯಾಗಿ ತುಂಡರಿಸಿದರೆ ಕೈಬದಲಾವಣೆಯಲ್ಲಿ ಸಣ್ಣ ಕಂದಕ ಕೇಳಿಸುತ್ತದೆ. ಬಿಡುವವರು ಮುಂದಿನ ಗುಂಪಿನ ಮೊದಲ ಸ್ವರವನ್ನೂ ನುಡಿಸಿ ಬಿಟ್ಟರೆ, ಆ ಸ್ವರ ಇಬ್ಬರಲ್ಲೂ ಬಂದು ಕಂದಕ ತುಂಬುತ್ತದೆ, ಹಿಡಿಯುವವರಿಗೆ ಜಾಗವೂ ತಿಳಿಯುತ್ತದೆ.

ಹಾಸು ತೆಳುವಾಗುವುದು ಖಂಡಿತ. ಸ್ಯಾಂಪಲ್‌ನಲ್ಲಿ ‘ಚೆಲ್ಲೊ’ ಎಂದು ಬರೆದಿದ್ದರೂ ಅದು ಒಂದು ಗುಂಪಿನ ಧ್ವನಿ, ಇಲ್ಲಿರುವುದು ಒಬ್ಬರು. ಪಿಯಾನೋ ಪೆಡಲ್ ಮೇಲೆ ಹಾಸನ್ನು ನಿಲ್ಲಿಸಿ, ಚೆಲ್ಲೊಗೆ ಖಾಲಿ ಡಿ3, ಎ3 ತಂತಿಗಳನ್ನು ಒಟ್ಟಿಗೆ ನುಡಿಸಲು ಕೊಟ್ಟರೆ ಅರ್ಧ ಕೊರತೆ ನೀಗುತ್ತದೆ. ಡಿ ಶ್ರುತಿ ಆರಿಸಿದ್ದರ ಲಾಭ ಇದು.

ಹಾಡಿನ ಪದರದಲ್ಲಿ ಸ್ಯಾಂಪಲ್‌ಗಳು ಹೇಳಿದ ಸುಳ್ಳು ಬಯಲಾಗುತ್ತದೆ. ಫ್ಲೂಟ್‌ನ ಕೆಳ ಸ್ಥಾಯಿ ಫೇಡರ್ ಏರಿಸಿದರೆ ಕಾಳಗದ ಮೇಲೂ ಕೇಳಿಸುತ್ತದೆ. ಸಭಾಂಗಣದಲ್ಲಿ ಹಾರ್ನ್ ಬಾಯಿ ತೆರೆದರೆ ಸಾಕು, ಮುಳುಗಿಹೋಗುತ್ತದೆ. ಜೋರಾಗಿ ನುಡಿಸುವಾಗ ಒಂದು ಹಾರ್ನ್ ಎರಡು ಮರವಾದ್ಯಕ್ಕೆ ಸಮ ಎಂಬುದು ಹಳೆಯ ಲೆಕ್ಕ, ಇಂದಿಗೂ ನಡೆಯುತ್ತದೆ. ಮೆಲೊಡಿ ಎ4ರಿಂದ ಡಿ6 ಆದ್ದರಿಂದ ಫ್ಲೂಟ್ ಸುರಕ್ಷಿತ. ಕ್ಲಾರಿನೆಟ್ ಒಂದು ಅಷ್ಟಕ ಕೆಳಗೆ ಜೊತೆಗೂಡಿದರೆ ನುಡಿಯುವ ಎಫ್4, ಜಿ4 ಅದರ ಗಂಟಲು ಸ್ವರಗಳಿಗೆ (ಕೆಳ ಸ್ಥಾಯಿಯ ಮೇಲ್ತುದಿಗೆ) ಬೀಳುತ್ತವೆ, ಅಲ್ಲಿ ಧ್ವನಿ ಮಂಕು. ಮೆಲೊಡಿ ನಿಲ್ಲುವುದೂ ಅವೇ ಸ್ವರಗಳ ಮೇಲೆ. ಅಲ್ಲಷ್ಟೇ ಹಾರ್ನ್‌ಗೆ ಒಪ್ಪಿಸಿ ಕ್ಲಾರಿನೆಟ್‌ಗೆ ಉಸಿರು ಕೊಟ್ಟಿದ್ದು.

ತಾಳವಾದ್ಯದವರಿಗೆ ಎರಡೇ ಕೈ. ಗೇಮ್‌ನ ಬಡಿತದಲ್ಲಿ ಟಾಮ್ (ನಡು ಗಾತ್ರದ ಡ್ರಮ್) ಓಡುತ್ತಿರುವಾಗಲೇ ಸಿಂಬಲ್ ಉಬ್ಬುತ್ತದೆ, ಕೆಳಗೆ ದೊಡ್ಡ ಡ್ರಮ್ ಬೀಳುತ್ತದೆ. ದೊಡ್ಡ ಡ್ರಮ್‌ನ ಕೆಲಸವನ್ನು ಪಿಯಾನೋದ ಎಡಗೈ ಡಿ1–ಎ1ರಲ್ಲಿ ಮಾಡುತ್ತದೆ. ಸಿಂಬಲ್ ಉಬ್ಬರ ಬರುವಾಗ ಟಾಮ್ ನಿಲ್ಲುತ್ತದೆ. ಗ್ಲಾಕನ್‌ಸ್ಪೀಲ್‌ಗೆ (ಲೋಹದ ಪಟ್ಟಿಗಳ ವಾದ್ಯ) ಹೋಗಲು, ಕೋಲು ಬದಲಿಸಲು ಕನಿಷ್ಠ 2 ಬಾರ್ ಖಾಲಿ ಬಿಡಬೇಕು. ಗ್ಲಾಕನ್‌ಸ್ಪೀಲ್ ಬರೆದದ್ದಕ್ಕಿಂತ ಎರಡು ಅಷ್ಟಕ ಮೇಲೆ ನುಡಿಯುತ್ತದೆ ಎಂಬುದನ್ನೂ ಮರೆಯಬಾರದು.

ಕಾಳಗದ ಎರಡನೇ 16 ಬಾರ್‌ಗೆ ಶ್ರುತಿ ಡಿಯಿಂದ ಇಗೆ ಏರುತ್ತದೆ. ಲೂಪ್‌ಗೆ ಇದು ಆಗುತ್ತಿರಲಿಲ್ಲ. ಎಫ್‌ಗೆ ಏರಿಸಿದರೆ ನಾಟಕೀಯತೆ ಹೆಚ್ಚು, ಆದರೆ ತಂತಿವಾದ್ಯಗಳ ಎ, ಇ ಖಾಲಿ ತಂತಿಗಳು ಕೈತಪ್ಪುತ್ತವೆ. ಇ ಆದರೆ ನಾಲ್ಕು ತಂತಿಯ ಡಬಲ್ ಬಾಸ್‌ನ ಅತಿ ಕೆಳಗಿನ ಖಾಲಿ ತಂತಿಯೇ ಮೂಲಸ್ವರ. ಡಿಯಲ್ಲಿ ಅಷ್ಟು ಕೆಳಗಿನ ಮೂಲಸ್ವರ ಆ ವಾದ್ಯಕ್ಕೆ ಇರಲೇ ಇಲ್ಲ. ಮುಕ್ತಾಯಕ್ಕೆ ಲೂಪ್‌ನಲ್ಲಿ ಬೇಕೆಂದೇ ದೂರವಿಟ್ಟ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ: 103ನೇ ಬಾರ್‌ನಲ್ಲಿ ಬಿ ಮೇಜರ್, ಅದರೊಳಗೆ ಡಿ ಶಾರ್ಪ್. ನಾಲ್ಕು ನಿಮಿಷ ಕಿವಿಗೆ ಬೀಳದ ಸ್ವರವಾದ್ದರಿಂದ ಒಂದೇ ಕಾರ್ಡ್ ಸಾಕು, ಕೃತಿ ಮುಗಿಯುತ್ತಿದೆ ಎಂದು ಸಭೆಗೆ ತಿಳಿಯುತ್ತದೆ. ಕ್ಲಾರಿನೆಟ್, ಹಾರ್ನ್ ಎರಡೂ ಬರೆದ ಸ್ವರಕ್ಕಿಂತ ಕೆಳಗೆ ನುಡಿಯುವುದರಿಂದ ಈ ಸ್ವರ ಕ್ಲಾರಿನೆಟ್ ಭಾಗದಲ್ಲಿ ಇ ಶಾರ್ಪ್, ಹಾರ್ನ್ ಭಾಗದಲ್ಲಿ ಎ ಶಾರ್ಪ್ ಆಗಬೇಕು. ಮಿಡಿಯಿಂದ ಬಂದ ಕಡತದಲ್ಲಿ ಇವು ಎಫ್, ಬಿ ಫ್ಲ್ಯಾಟ್ ಎಂದು ಕೂತಿರುತ್ತವೆ. ಕೈಯಿಂದ ತಿದ್ದದಿದ್ದರೆ ವಾದಕರು ಮೊದಲ ಓದಿನಲ್ಲೇ ತಡವರಿಸುತ್ತಾರೆ.

ಭಾಗಪತ್ರಗಳು, ತಾಲೀಮು

ಪ್ರತಿ ವಾದಕರ ಭಾಗದಲ್ಲಿ ಐದು ಗೆರೆಗಳ ಒಟ್ಟು ಎತ್ತರ 7 ಮಿಲಿಮೀಟರ್‌ಗಿಂತ ಕಡಿಮೆ ಬೇಡ, ಸ್ಟ್ಯಾಂಡ್ ದೂರದಿಂದ ಕಾಣುವುದಿಲ್ಲ. 8 ಬಾರ್‌ಗೆ ಒಂದು ತಾಲೀಮು ಅಕ್ಷರ, ಉದ್ದದ ಖಾಲಿ ಬಾರ್‌ಗಳನ್ನು ಆ ಅಕ್ಷರದಲ್ಲಿ ಮುರಿಯಬೇಕು. ಹಾರ್ನ್ 16 ಬಾರ್ ಸುಮ್ಮನಿದ್ದು ಬರುವಲ್ಲಿ ಫ್ಲೂಟ್‌ನ ಎರಡು ಬಾರ್ ಸಣ್ಣ ಸ್ವರಗಳಲ್ಲಿ ಸೂಚನೆಯಾಗಿ ಇರಲಿ. ಪುಟ ತಿರುಗಿಸುವುದು ಖಾಲಿ ಬಾರ್‌ನಲ್ಲೇ. ಓಟ ನುಡಿಸುವ ವಯಲಿನ್‌ಗಳಿಗೆ ಇದು ಸಿಗುವುದು ಕಷ್ಟ, ಅವರ ಭಾಗವನ್ನು ಮೂರು ಪುಟ ಪಕ್ಕಪಕ್ಕ ಹರಡುವಂತೆ ಮುದ್ರಿಸಬೇಕು.

ತಾಲೀಮಿನಲ್ಲಿ ಮೊದಲು ಸಡಿಲವಾಗುವುದು ವಯಲಿನ್‌ಗಳ ಕೈಬದಲಾವಣೆ. ಅದನ್ನಷ್ಟೇ ಟೆಂಪೋ 72ಕ್ಕೆ ಇಳಿಸಿ, ಜೊತೆಗೆ ಪಿಯಾನೋ ಮಾತ್ರ ಇಟ್ಟು ನುಡಿಸಿದರೆ ಬೇಗ ಕೂರುತ್ತದೆ. ವೇದಿಕೆಯ ಹಿಂದೆ ಗೇಮನ್ನು ಯಾರಾದರೂ ನೇರವಾಗಿ ಆಡುವ ಕಾರ್ಯಕ್ರಮವಾದರೆ ಡಿ ಶ್ರುತಿಯ ಮೊದಲ ಭಾಗಗಳ 8 ಬಾರ್‌ಗಳಿಗೆ ‘ಸಂಜ್ಞೆಯವರೆಗೆ ಆವರ್ತಿಸಿ’ ಎಂದು ಬರೆದು, ಹೊರಬರುವ 2 ಬಾರ್ ಮುಂಚೆ ನಿರ್ವಾಹಕರು ಕೈ ತೋರಿಸುವಂತೆ ಮಾಡಿ. ಸಾಲುಗಳೆಲ್ಲ ಡಿ ಮೈನರ್‌ನಿಂದಲೇ ಶುರುವಾಗುವುದರಿಂದ ಎಲ್ಲಿಂದ ಎಲ್ಲಿಗೆ ಹಾರಿದರೂ ಸೇರುತ್ತದೆ.

ಇದೇ ವಾದಕರನ್ನು ಗೇಮ್‌ಗೂ ಧ್ವನಿಮುದ್ರಿಸುವುದಾದರೆ ವೇದಿಕೆಯ ರೆಕಾರ್ಡಿಂಗ್ ಉಪಯೋಗಕ್ಕೆ ಬಾರದು. ಟೆಂಪೋ ಅಲ್ಲಾಡಿರುತ್ತದೆ, ಒಬ್ಬರ ಮೈಕ್‌ನಲ್ಲಿ ಇನ್ನೊಬ್ಬರಿರುತ್ತಾರೆ, ಹಾಡಿನ ಪದರ ಮುಚ್ಚಿದರೂ ಹಾಸಿನ ಮೈಕ್‌ಗಳಲ್ಲಿ ಹಾರ್ನ್ ಉಳಿಯುತ್ತದೆ. ಪದರಕ್ಕೊಂದು ಸರದಿ ಬೇಕು: ಮೊದಲು ಪಿಯಾನೋ ಸಮೇತ ಹಾಸು, ಉಳಿದವರು ಅದಕ್ಕೇ ಶ್ರುತಿ ಮಾಡಿಕೊಂಡು ಅದನ್ನು ಕೇಳುತ್ತಾ ಒಂದೊಂದಾಗಿ. ಕ್ಲಿಕ್ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್‌ನಲ್ಲಿ. ಫ್ಲೂಟ್ ಮೈಕ್‌ಗೆ ಸೋರಿದ ಕ್ಲಿಕ್ ಅಲೆದಾಟದ ಮೆಲುದನಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಎರಡು ಬಾರ್ ಎಣಿಕೆ ಕೊಟ್ಟು, ನಿಲ್ಲಿಸದೆ ಮೂರು ಸುತ್ತು ನುಡಿಸಿ, ನಡುವಿನದನ್ನು ಕತ್ತರಿಸಿಕೊಳ್ಳಿ: 32 ಬಾರ್‌ನ ಪದರಗಳಿಗೆ 38,40,000 ಸ್ಯಾಂಪಲ್, ಹಾಡಿಗೆ 28,80,000.